ವರ್ಲಾ ಚಿಕ್ಕಮ್ಮನ ವೇಲಿಯಂಟ್

ವರ್ಲಾ ಚಿಕ್ಕಮ್ಮ ಆ ಕಾರು ಕೊಂಡದ್ದು ಆಸೆಯಿಂದಲ್ಲ, ಸಿಟ್ಟಿನಿಂದ.

ಅಮೆರಿಕದ ನೆವಾಡದಲ್ಲಿರುವ ನಮ್ಮ ವಿನ್ನೆಮಕ್ಕ ಊರಿನಲ್ಲಿ ಗಾಡಿ ಇಲ್ಲದವರು ಕಾಲಿಲ್ಲದವರಿದ್ದಂತೆ. ಅಂಗಡಿ ಒಂದು ಕಡೆ, ಕೆಲಸ ಇನ್ನೊಂದು ಕಡೆ, ನಡುವೆ ಬರೀ ಗಾಳಿ ಮತ್ತು ಬೂದು ಬಣ್ಣದ ಕುರುಚಲು ಗಿಡ. ಚಿಕ್ಕಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಬೆಳಕು ಹರಿಯುವ ಮೊದಲೇ ಊರಾಚೆಯ ಡಿಪೋ ಸೇರಬೇಕು. ಅಂಥ ಹೊತ್ತಿನಲ್ಲಿ, ಇನ್ನೂ ಹಿಮ ಕರಗದ ಮಾರ್ಚ್ ತಿಂಗಳಲ್ಲಿ, ಅವಳ ಪಿಕಪ್ಪಿನ ಗೇರ್‌ಬಾಕ್ಸ್ ಕೈಕೊಟ್ಟಿತು. ರಿಪೇರಿಗೆ ಗ್ಯಾರೇಜಿನವನು ಹೇಳಿದ ರೇಟು ಕೇಳಿ ಅವಳು ಪಿಕಪ್ಪನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದಳು.

ಮನೆಯ ಶೆಡ್ಡಿನಲ್ಲಿ ಅವಳ ಗಂಡ, ನನ್ನ ಡೊಮಿಂಗೊ ಚಿಕ್ಕಪ್ಪ, ತನ್ನ ಹಳೆಯ ಕಮಾರೊ ಕಾರಿನ ಅಡಿಯಲ್ಲಿ ಮಲಗಿದ್ದ. ಆ ಕೆಂಪು ಕಮಾರೊವನ್ನು ಹೊಸದರಂತೆ ಮಾಡುತ್ತೇನೆಂದು ಅವನು ಬಿಚ್ಚಿಟ್ಟು ವರ್ಷಗಳೇ ಕಳೆದಿದ್ದವು. ಎಂಜಿನ್ ಶೆಡ್ಡಿನ ಮೂಲೆಯಲ್ಲಿ, ಬಾಗಿಲುಗಳು ಮನೆಯೊಳಗಿನ ಮಂಚದ ಕೆಳಗೆ, ಹಿಂದಿನ ಸೀಟು ಬೆಕ್ಕಿನ ಪಾಲಿಗೆ. ಗಣಿಯ ಕೆಲಸದಿಂದ ನಿವೃತ್ತನಾದ ಮೇಲಂತೂ ಅವನು ಊಟಕ್ಕೂ ಆ ಅಡಿಯಿಂದಲೇ ಎದ್ದು ಬರುತ್ತಿದ್ದ.

"ಮನೇಲಿ ಎರಡು ಗಾಡಿ ಇವೆ ಅಂತ ಹೆಸರಿಗೆ," ಎಂದಳು ಚಿಕ್ಕಮ್ಮ. "ಒಂದು ಓಡಲ್ಲ. ಇನ್ನೊಂದಕ್ಕೆ ಚಕ್ರಾನೇ ಇಲ್ಲ."

"ಸ್ವಲ್ಪ ತಡ್ಕೋ ಮಾರಾಯ್ತಿ. ಇದು ರೆಡಿ ಆಗ್ಲಿ, ಇಡೀ ಊರು ಕತ್ತು ತಿರುಗಿಸಿ ನೋಡುತ್ತೆ."

"ಅಷ್ಟರಲ್ಲಿ ನೋಡೋರ ಕತ್ತೆಲ್ಲ ಮಣ್ಣು ಸೇರಿರುತ್ತೆ ಬಿಡು."

ಮಾರನೆಯ ದಿನ ಅವಳು ಬೇರೆಯವರ ಗಾಡಿಯಲ್ಲಿ ಡಿಪೋ ಸೇರಿ, ಬಸ್ಸಿನ ಕೆಲಸ ಮುಗಿಸಿ ನೇರವಾಗಿ ಥೆಲ್ಮಾ ಪಿಕೆಟ್ ಅವರ ಮನೆಗೆ ಹೋದಳು. ಪಿಕೆಟ್ ಅವರು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ಮುದುಕಿಯಾದವರು. ರೀನೋದಲ್ಲಿರುವ ಮಗಳ ಮನೆಗೆ ಹೋಗಿ ನೆಲೆಸಲು ಸಾಮಾನು ಕಟ್ಟುತ್ತಿದ್ದರು. ಅವರ ಗ್ಯಾರೇಜಿನಲ್ಲಿ ಅರವತ್ತನಾಲ್ಕನೇ ಇಸವಿಯ ಪ್ಲಿಮತ್ ವೇಲಿಯಂಟ್ ಕಾರೊಂದಿದೆ, ಮಾರುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು.

"ಇದನ್ನ ಓಡಿಸ್ತೀಯೋ, ಇಟ್ಕೊಂಡು ನೋಡ್ತೀಯೋ?" ಎಂದು ಪಿಕೆಟ್ ಕೇಳಿದರಂತೆ.

"ನಾಳೆ ಬೆಳಿಗ್ಗೆ ಡಿಪೋಗೆ ಹೋಗೋಕೆ ನನಗೆ ಬೇರೆ ಗತಿ ಇಲ್ಲ ಮೇಡಂ."

"ಹಾಗಾದ್ರೆ ತಗೊಂಡು ಹೋಗು. ಮೊನ್ನೆ ಒಬ್ಬ ಬಂದಿದ್ದ. ಮಂಡಿಯೂರಿ, ಟಾರ್ಚ್ ಬಿಟ್ಟು, ಹೆಣ ನೋಡೋ ಪೊಲೀಸಿನವನ ಥರ ಅಡಿಯೆಲ್ಲ ನೋಡಿದ. ಮನೆ ಒಳಗೆ ಕರೆದು ಕಾಫಿ ಕೊಡೋಕೂ ಮನಸ್ಸಾಗ್ಲಿಲ್ಲ ನನಗೆ."

ಪಿಕಪ್ಪಿನ ರಿಪೇರಿಗೆ ಎಷ್ಟು ಕೇಳಿದ್ದರೋ ಹೆಚ್ಚುಕಡಿಮೆ ಅಷ್ಟಕ್ಕೇ ವೇಲಿಯಂಟ್ ಚಿಕ್ಕಮ್ಮನದಾಯಿತು.

ಅದು ಚೆಂದದ ಕಾರು ಎಂದರೆ ಸುಳ್ಳಾಗುತ್ತದೆ. ನಾಲ್ಕು ಬಾಗಿಲು, ಚೌಕಾಕಾರದ ಮೈ, ಎಳೆಯ ಬಟಾಣಿ ಬಣ್ಣ. ಬಿಸಿಲಿಗೆ ತಾಗಿದ ಕಡೆಯೆಲ್ಲ ಆ ಬಣ್ಣ ಸುಣ್ಣದಂತೆ ಮಂಕಾಗಿತ್ತು. ಪ್ರತಿ ಶನಿವಾರ ಬಟ್ಟೆ ಹಿಡಿದು ಉಜ್ಜಿ ಉಜ್ಜಿ ಬಾನೆಟ್ಟಿನ ಅಂಚಿನಲ್ಲಿ ಪಿಕೆಟ್ ಅವರು ಬಣ್ಣದ ಕೆಳಗಿನ ಕಂದು ಪದರವನ್ನೇ ಹೊರಗೆ ತಂದಿದ್ದರು. ಆದರೆ ನಮ್ಮ ಒಣ ಹವೆಯಲ್ಲಿ ತುಕ್ಕು ಹಿಡಿದಿರಲಿಲ್ಲ. ಸೀಟಿನ ಬಟ್ಟೆ ಕಾರ್ಖಾನೆಯಿಂದ ಬಂದದ್ದೇ. ಗಾಜುಗಳೂ ಅವೇ, ಚಕ್ರದ ಮೇಲಿನ ತಟ್ಟೆಗಳೂ ಅವೇ. ಡ್ಯಾಶ್‌ಬೋರ್ಡ್ ಎಂಬುದು ಬರೀ ತಗಡು, ತಟ್ಟಿದರೆ ಡಬ್ಬಿಯಂತೆ ಸದ್ದು. ಗೇರಿಗೆ ಕೋಲಿಲ್ಲ, ಸ್ಟಿಯರಿಂಗಿನ ಎಡಗಡೆ ರೇಡಿಯೋಗೆ ಇರುವಂಥ ಗುಂಡಿಗಳು. ಮುಂದಕ್ಕೆ ಹೋಗಲು ಒಂದು ಒತ್ತಬೇಕು, ಹಿಂದಕ್ಕೆ ಹೋಗಲು ಇನ್ನೊಂದು. ಮುಂದಿನ ಸೀಟು ಸೋಫಾದಂತೆ ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಉದ್ದ. ಕಿಟಕಿಯ ಮುಂದುಗಡೆ ಒಂದು ಪುಟ್ಟ ಮುಮ್ಮೂಲೆ ಗಾಜು. ಅದನ್ನು ತಿರುಗಿಸಿದರೆ ಗಾಳಿ ಸೀದಾ ಎದೆಗೆ ಬಡಿಯುತ್ತಿತ್ತು. ಬಾನೆಟ್ ಎತ್ತಿದರೆ ಒಳಗೆ ಒಂದು ಎಂಜಿನ್, ಸುತ್ತ ಬೇಕಾದಷ್ಟು ಖಾಲಿ ಜಾಗ. ಏನು ಎಲ್ಲಿದೆ ಎಂದು ನನಗೂ ಕಾಣುತ್ತಿತ್ತು.

ಚಿಕ್ಕಮ್ಮನಿಗೆ ಮೊದಮೊದಲು ಅದು ಬರೀ ಸವಾರಿ. ಆಮೇಲೆ ಒಂದು ವಿಷಯ ಅವಳ ಗಮನಕ್ಕೆ ಬಂತು. ಎಲ್ಲಿ ನಿಲ್ಲಿಸಿದರೂ ಜನ ಬಂದು ಮಾತಾಡಿಸುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ, ಅಂಚೆ ಕಚೇರಿಯ ಮುಂದೆ, ಚರ್ಚಿನ ಬಾಗಿಲಲ್ಲಿ. "ನಮ್ಮ ಸೋದರತ್ತೆ ಹತ್ರ ಇಂಥದ್ದೇ ಇತ್ತು." "ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲೇ." "ಇದರ ಹಿಂದಿನ ಸೀಟಲ್ಲಿ ನಮ್ಮಣ್ಣ ನನ್ನ ಹಲ್ಲು ಮುರಿದ." ಊರಿನ ಬೀದಿಯಲ್ಲಿ ಫಳಫಳ ಹೊಳೆಯುವ ಹಳೆಯ ಕಾರುಗಳು ಇಲ್ಲದಿಲ್ಲ. ಅವುಗಳ ಹತ್ತಿರ ಹೋದವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ವೇಲಿಯಂಟಿನ ಮೇಲೆ ಮಾತ್ರ ಮೊಣಕೈ ಊರಿ ನಿಲ್ಲುತ್ತಿದ್ದರು.

"ಬಣ್ಣ ಹೊಡೆಸ್ತೀನಿ," ಎಂದ ಡೊಮಿಂಗೊ ಚಿಕ್ಕಪ್ಪ ಒಂದು ದಿನ, ಕಾರಿನ ಸುತ್ತ ಎರಡು ಸುತ್ತು ಹಾಕಿ. "ಕಡು ನೀಲಿ. ಇದಕ್ಕೊಂದು ದೊಡ್ಡ ಎಂಜಿನ್ ಕೂರಿಸಿ, ಅಗಲ ಚಕ್ರ ಹಾಕಿ—"

"ಕೈ ಇಟ್ರೆ ಕೈ ಮುರೀತೀನಿ."

"ಅಯ್ಯೋ, ಚೆನ್ನಾಗಿ ಮಾಡ್ಕೊಡ್ತೀನಿ ಕಣೇ ಅಂದ್ರೆ..."

"ನೀನು ಚೆನ್ನಾಗಿ ಮಾಡಿದ್ದನ್ನ ನಮ್ಮ ಬೆಕ್ಕು ದಿನಾ ಅನುಭವಿಸ್ತಿದೆ. ಇದು ಹೇಗಿದೆಯೋ ಹಾಗೇ ಇರ್ಲಿ. ಎಣ್ಣೆ ಬದಲಾಯಿಸು, ಬೆಲ್ಟ್ ನೋಡು, ಅಷ್ಟು ಸಾಕು."

ನಾನು ಆಗ ಅಪ್ಪನ ಜೊತೆ ಇದ್ದೆ. ಅಪ್ಪ ಎಂದರೆ ಡೊಮಿಂಗೊ ಚಿಕ್ಕಪ್ಪನ ಅಣ್ಣ, ಗ್ರೇಷನ್. ಕುದುರೆಮಸಾಲೆ ಹುಲ್ಲಿನ ಪಿಂಡಿಗಳನ್ನು ಲಾರಿಗೆ ಹೇರಿ ನೆವಾಡದ ಮೂಲೆ ಮೂಲೆಗೆ, ಪರ್ವತ ದಾಟಿ ಕ್ಯಾಲಿಫೋರ್ನಿಯಾದವರೆಗೆ ಸಾಗಿಸಿದವನು. ಗ್ಲಾಕೋಮಾ ಅವನ ಕಣ್ಣನ್ನು ಅಂಚಿನಿಂದ ತಿನ್ನುತ್ತಾ ಬಂದು ಎರಡು ವರ್ಷದ ಹಿಂದೆ ಪೂರ್ತಿ ಮುಗಿಸಿತ್ತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ನಾನು ಔಷಧದಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಬಂದು ಅವನಿಗೆ ಊಟಕ್ಕಿಟ್ಟು, ಅವನು ಎಡವದಂತೆ ಕುರ್ಚಿ ಮೇಜುಗಳನ್ನು ಗೋಡೆಗೆ ಸರಿಸಿ ಇಡುತ್ತಿದ್ದೆ. ಒಮ್ಮೆ ಅಂಗಳದಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದ. ಅಂದಿನಿಂದ ಒಬ್ಬನೇ ಹೊಸ್ತಿಲು ದಾಟಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಅವನು ವಾದ ಮಾಡಲಿಲ್ಲ. ವಾದ ಮಾಡದೆ ಇದ್ದದ್ದೇ ನನಗೆ ಹೆಚ್ಚು ಕಷ್ಟವಾಗಿತ್ತು. ಭಾನುವಾರ ಮಧ್ಯಾಹ್ನ, ಸ್ಪೇನ್ ಗಡಿಯ ಕಡೆಯಿಂದ ಕುರಿ ಕಾಯಲು ಬಂದು ಇಲ್ಲೇ ನೆಲೆಸಿದ ನಮ್ಮ ಬಾಸ್ಕ್ ಜನರೆಲ್ಲ ರೈಲುಹಳಿ ಪಕ್ಕದ ಹೋಟೆಲಿನಲ್ಲಿ ಉದ್ದ ಮೇಜಿಗೆ ಕೂತು ಉಣ್ಣುತ್ತಾರೆ, ಉಂಡ ಮೇಲೆ ಇಸ್ಪೀಟು ಹಾಕುತ್ತಾರೆ. ಅಪ್ಪ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದ. "ಎಲೆ ಕಾಣದವನು ಅಲ್ಲಿ ಕೂತು ಏನು ಮಾಡ್ಲಿ, ಸೂಪು ಚೆಲ್ಲೋಕಾ?" ಎಂದಷ್ಟೇ ಹೇಳಿದ್ದ.

ಮೇ ತಿಂಗಳ ಒಂದು ಸಂಜೆ ಚಿಕ್ಕಮ್ಮ ಬಟ್ಟಲಲ್ಲಿ ಅನ್ನದ ಪಾಯಸ ಹಿಡಿದು ನಮ್ಮ ಮನೆಗೆ ಬಂದಳು. ಹೊಸ ಕಾರಿನ ವಿಷಯ ಅಪ್ಪನಿಗೆ ಗೊತ್ತಿತ್ತು, ಆದರೆ ಅವನು ಅದನ್ನು ಕೇಳಿಸಿಕೊಂಡವನಂತೆ ಇರಲಿಲ್ಲ. ಯಾವ ಕಾರಿನ ಸುದ್ದಿಯೂ ಅವನಿಗೆ ಬೇಡವಾಗಿತ್ತು. ಪಾಯಸ ಕೊಟ್ಟು, ನಾಲ್ಕು ಮಾತಾಡಿ, ಚಿಕ್ಕಮ್ಮ ಹೊರಗೆ ಹೋಗಿ ಕಾರಿನ ಕೀಲಿ ತಿರುಗಿಸಿದಳು.

ಆ ಕಾಲದ ಪ್ಲಿಮತ್ ಕಾರುಗಳು ಚಾಲೂ ಆಗುವಾಗ ಒಂದು ಸದ್ದು ಮಾಡುತ್ತವೆ. ಕುದುರೆಮರಿಯೊಂದು ಮೂಗಿನಲ್ಲಿ ನಕ್ಕ ಹಾಗೆ, ಮೇಲಕ್ಕೇರಿ ಕೆಳಗಿಳಿಯುವ ಸದ್ದು. ಬೇರೆ ಯಾವ ಕಾರಿಗೂ ಅದಿಲ್ಲ.

ಅಪ್ಪನ ಕೈಯ ಚಮಚ ಬಟ್ಟಲಲ್ಲೇ ನಿಂತಿತು.

"ಯಾರ ಗಾಡಿ ಅದು?"

"ಚಿಕ್ಕಮ್ಮಂದು. ಹೇಳಿದ್ದೆನಲ್ಲಪ್ಪ, ವೇಲಿಯಂಟ್ ತಗೊಂಡ್ಳು ಅಂತ."

"ನಿಲ್ಲಿಸೋಕೆ ಹೇಳು."

ನಾನು ಎದ್ದು ಹೇಳುವಷ್ಟರಲ್ಲಿ ಅವನೇ ಗೋಡೆ ಸವರಿಕೊಂಡು ಬಾಗಿಲು ದಾಟಿ, ಮೂರು ಮೆಟ್ಟಿಲಿಳಿದು, ಅಂಗಳದಲ್ಲಿ ಕೈ ಮುಂದೆ ಚಾಚಿ ನಿಂತಿದ್ದ. ಚಿಕ್ಕಮ್ಮ ಎಂಜಿನ್ ಆರಿಸಿ ಕೆಳಗಿಳಿದಳು.

"ಏನು ಭಾವ, ಪಾಯಸ ಸಪ್ಪೆ ಆಯ್ತಾ?"

"ಇನ್ನೊಂದು ಸಲ ಚಾಲೂ ಮಾಡು."

ಅವಳು ಮಾಡಿದಳು. ಅಪ್ಪ ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು ಕೇಳುತ್ತಾ ನಿಂತ. ಮುಖದಲ್ಲಿ ಏನೋ ಸಡಿಲವಾಯಿತು. ಅಪ್ಪ, ಚಿಕ್ಕಪ್ಪ ಇಬ್ಬರೂ ಬೆಳೆದ ಕುರಿ ಸಾಕುವ ರ‍್ಯಾಂಚಿನಲ್ಲಿ ನನ್ನ ಅಜ್ಜಿ ಕುರಿ ಕಾಯುವವರಿಗೆ ಅಡುಗೆ ಮಾಡುತ್ತಿದ್ದಳು. ಅಲ್ಲಿ ದಿನಸಿ ತರಲು ಇಟ್ಟಿದ್ದದ್ದು ಒಂದು ವೇಲಿಯಂಟ್. ಅಪ್ಪ ಸ್ಟಿಯರಿಂಗ್ ಹಿಡಿದು ಕಲಿತದ್ದು ಅದರಲ್ಲಿ. ಕಾಲು ಪೆಡಲಿಗೆ ಎಟುಕದೆ ಬೆನ್ನ ಹಿಂದೆ ಹಿಟ್ಟಿನ ಚೀಲ ಇಟ್ಟುಕೊಳ್ಳುತ್ತಿದ್ದನಂತೆ. ಇದನ್ನೆಲ್ಲ ಅವನು ಆ ಸಂಜೆ, ಕಾರಿನ ಮೈಯನ್ನು ತಡವುತ್ತಾ, ಒಂದೊಂದಾಗಿ ಹೇಳಿದ. ಬಾಗಿಲ ಹಿಡಿ, ಮುಮ್ಮೂಲೆ ಗಾಜು, ಹಿಂದಿನ ದೀಪದ ಉಬ್ಬು. ಕೊನೆಗೆ ಒಳಗೆ ಕೂತು ಎಡಗೈಯಿಂದ ಗೇರಿನ ಗುಂಡಿಗಳನ್ನು ಮುಟ್ಟಿದ.

"ಇದು ಹಿಂದಕ್ಕೆ. ಇದು ನ್ಯೂಟ್ರಲ್. ಇದು ಮುಂದಕ್ಕೆ," ಎಂದ. "ಕಣ್ಣಿಲ್ಲದೋರಿಗೇ ಮಾಡಿದ ಹಾಗಿದೆಯಲ್ಲೇ ವರ್ಲಾ."

ಚಿಕ್ಕಮ್ಮ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವಳು ಏನೋ ಹೂಡುತ್ತಿದ್ದಾಳೆ ಎಂದು ನಾನು ಆಗಲೇ ತಿಳಿದುಕೊಳ್ಳಬೇಕಿತ್ತು.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅವಳು ಡೊಮಿಂಗೊ ಚಿಕ್ಕಪ್ಪನನ್ನೂ ಎಳೆದುಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ಬ್ರೆಡ್ಡು, ಹುರಿದ ಚೊರೀಸೊ ಎಂಬ ಹಂದಿಮಾಂಸದ ಸಾಸೇಜು, ಒಂದು ಬಾಟಲಿ ವೈನು, ನೀರಿನ ಕ್ಯಾನು.

"ಮಾಯಿತೆ, ಟೋಪಿ ಹಾಕ್ಕೋ," ಎಂದಳು ನನಗೆ. "ಪ್ಲಾಯಾಕ್ಕೆ ಹೋಗೋಣ. ಭಾವ ಗಾಡಿ ಓಡಿಸ್ತಾರೆ."

ನಾನು ತಮಾಷೆ ಎಂದುಕೊಂಡೆ. ಅಲ್ಲವೆಂದು ಗೊತ್ತಾದಾಗ ಅವಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದೆ.

"ಚಿಕ್ಕಮ್ಮ, ನಿನಗೆ ತಲೆ ಕೆಟ್ಟಿದೆಯಾ? ಮನೆ ಮೆಟ್ಟಿಲು ಇಳಿಯೋಕೇ ನಾನು ಬಿಡಲ್ಲ. ನೀನು ಸ್ಟಿಯರಿಂಗ್ ಕೊಡ್ತೀನಿ ಅಂತೀಯಾ?"

"ಪ್ಲಾಯಾದಲ್ಲಿ ಗುದ್ದೋಕೆ ಏನಿದೆ ಹೇಳು. ಒಂದು ಮರ ಇದೆಯಾ? ಕಲ್ಲಿದೆಯಾ? ಮನುಷ್ಯ ಇದ್ದಾನಾ?"

"ಏನಾದ್ರೂ ಆದ್ರೆ?"

"ನಾನು ಪಕ್ಕದಲ್ಲೇ ಕೂತಿರ್ತೀನಿ. ಶಾಲೆ ಮಕ್ಕಳನ್ನ ಬಸ್ಸಲ್ಲಿ ತುಂಬ್ಕೊಂಡು ಹಿಮದಲ್ಲಿ ಓಡಿಸ್ದೋಳು ನಾನು. ನಿಮ್ಮಪ್ಪನ್ನ ಸಂಭಾಳಿಸೋಕೆ ಆಗಲ್ವಾ?" ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೀನು ಅವರನ್ನ ಬೀಳದ ಹಾಗೆ ನೋಡ್ಕೊಂಡಿದ್ದೀಯ ಕಣೇ. ಯಾರೂ ಇಲ್ಲ ಅನ್ನಲ್ಲ. ಆದ್ರೆ ಎರಡು ವರ್ಷದಿಂದ ಅವರು ಕೂತೇ ಇದ್ದಾರೆ."

ನಾನು ಅಡುಗೆಮನೆಯ ಬಾಗಿಲು ತೆರೆದೆ. ಟೋಪಿ ಹಾಕಿಕೊಂಡೆ.

ಪ್ಲಾಯಾ ಎಂದರೆ ಊರಿಂದ ಪಶ್ಚಿಮಕ್ಕೆ, ಮಣ್ಣುದಾರಿ ಹಿಡಿದು ಹೋದರೆ ಸಿಗುವ ಬಯಲು. ಚಳಿಗಾಲದಲ್ಲಿ ಅಂಗೈ ಆಳದ ನೀರು ನಿಂತಿರುತ್ತದೆ; ಬೇಸಿಗೆ ಬಂದರೆ ಒಣಗಿ, ಬಿಳಿಯ ಹಂಚು ಹಾಸಿದಂತಾಗುತ್ತದೆ. ಆ ದಿನ ಸುತ್ತಲಿನ ಬೆಟ್ಟಗಳೆಲ್ಲ ಬಿಸಿಲಿನ ಝಳದಲ್ಲಿ ನೆಲಬಿಟ್ಟು ತೇಲುತ್ತಿದ್ದವು. ಬಯಲಿನ ನಡುವೆ ಚಿಕ್ಕಮ್ಮ ಕಾರು ನಿಲ್ಲಿಸಿ ಕೆಳಗಿಳಿದಳು. ಅಪ್ಪನನ್ನು ಕೈಹಿಡಿದು ಕರೆತಂದು ಸ್ಟಿಯರಿಂಗಿನ ಹಿಂದೆ ಕೂರಿಸಿದಳು. ತಾನು ನಡುವೆ ಕೂತಳು. ಅವಳ ಆಚೆ, ಬಾಗಿಲಿಗೆ ಒತ್ತಿಕೊಂಡು, ಡೊಮಿಂಗೊ ಚಿಕ್ಕಪ್ಪ. ನಾನು ಹಿಂದೆ, ಬ್ರೆಡ್ಡು ಚೊರೀಸೊಗಳ ಜೊತೆ.

"ಏರ್ ಫಿಲ್ಟರಿಗೆ ಧೂಳು ಹೋಗುತ್ತೆ," ಎಂದ ಚಿಕ್ಕಪ್ಪ.

"ಹೋಗ್ಲಿ. ನೀನಿದ್ದೀಯಲ್ಲ ತೊಳೆಯೋಕೆ," ಎಂದಳು ಚಿಕ್ಕಮ್ಮ. "ಭಾವ, ಎದುರಿಗೆ ಏನೂ ಇಲ್ಲ. ನಿಮಗೆ ಬೇಕಾದ ಕಡೆ ಹೋಗಿ. ನಾನು ನಿಲ್ಲಿ ಅಂದ್ರೆ ಮಾತ್ರ ನಿಲ್ಲಿಸ್ಬೇಕು."

ಅಪ್ಪ ಕೀಲಿ ತಿರುಗಿಸಿದ. ಕುದುರೆಮರಿ ನಕ್ಕಿತು. ಎಡಗೈ ಗುಂಡಿಯನ್ನು ಹುಡುಕಿ ಒತ್ತಿತು. ಕಾರು ಮೆಲ್ಲಗೆ ಮುಂದೆ ಸರಿಯಿತು, ತಕ್ಷಣ ನಿಂತಿತು. ಬ್ರೇಕ್ ಒತ್ತಿದ್ದು ಅವನೇ. ಅವನ ಕತ್ತಿನ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

"ಏನಾಯ್ತಣ್ಣ?"

"ಏನಿಲ್ಲ. ಸುಮ್ನಿರು."

ಮತ್ತೆ ಹೊರಟ. ಈ ಸಲ ನಿಲ್ಲಿಸಲಿಲ್ಲ. ನಡಿಗೆಯ ವೇಗ, ಆಮೇಲೆ ಸೈಕಲಿನ ವೇಗ, ಆಮೇಲೆ ಗಾಳಿ ಕಿಟಕಿಯಿಂದ ನುಗ್ಗಿ ನನ್ನ ಟೋಪಿಯನ್ನು ಹಿಂದಿನ ಗಾಜಿಗೆ ಅಂಟಿಸಿತು. ಮೊದಮೊದಲು ಅವನ ಭುಜ ಕಲ್ಲಿನಂತಿತ್ತು. ನೋಡುತ್ತಿದ್ದಂತೆ ಒಂದು ಮೊಣಕೈ ಕಿಟಕಿಯ ಮೇಲೇರಿ ಕೂತಿತು. ಲಾರಿಯಲ್ಲಿ ಅವನು ಕೂರುತ್ತಿದ್ದದ್ದೇ ಹಾಗೆ. ದೊಡ್ಡದೊಂದು ಸುತ್ತು ಹಾಕಿದ. ಆ ಕಡೆಗೊಂದು, ಈ ಕಡೆಗೊಂದು. ಹಿಂದೆ ಬಿಳಿ ಧೂಳು ಬಾಲದಂತೆ ಎದ್ದು ನಿಂತಿತು.

"ಸ್ಪೀಡ್ ಎಷ್ಟಿದೆ?" ಎಂದು ಕೂಗಿದ.

ನಾನು ಮುಂದಕ್ಕೆ ಬಾಗಿ ನೋಡಿದೆ. ಮುಳ್ಳು ಮೂವತ್ತೈದು ಮೈಲಿಯ ಮೇಲಿತ್ತು.

"ಐವತ್ತು!" ಎಂದಳು ಚಿಕ್ಕಮ್ಮ, ಮುಖ ಅಲುಗಿಸದೆ.

ಅಪ್ಪ ಇನ್ನಷ್ಟು ಒತ್ತಿದ. ತಿರುವಿನಲ್ಲಿ ಮುಂದಿನ ಮೂವರೂ ಆ ಉದ್ದ ಸೀಟಿನಲ್ಲಿ ಒಂದೇ ಕಡೆ ಜಾರಿದರು. ಚಿಕ್ಕಪ್ಪ ಬಾಗಿಲಿಗೆ ಅಪ್ಪಚ್ಚಿಯಾಗಿ, "ಏ ವರ್ಲಾ, ಮೇಲೆ ಬೀಳ್ತೀಯಲ್ಲೇ!" ಎಂದ.

"ಮೂವತ್ತು ವರ್ಷ ಆಯ್ತು ಮದುವೆ ಆಗಿ, ಈಗ ನಾಚಿಕೆ ನೋಡು ಇವನಿಗೆ!"

ಒಳ್ಳೆಯ ಹೊತ್ತು ಹಾಗೆ ಸುತ್ತಿದ ಮೇಲೆ ಅಪ್ಪ ಒಮ್ಮೆಲೇ ಆಕ್ಸಿಲರೇಟರಿನಿಂದ ಕಾಲು ತೆಗೆದ.

"ನೆಲ ಮೆತ್ತಗಾಗ್ತಿದೆ."

"ಇಲ್ಲಣ್ಣ, ಒಣಗಿದೆ," ಎಂದ ಡೊಮಿಂಗೊ ಚಿಕ್ಕಪ್ಪ, ಕಿಟಕಿಯಿಂದ ತಲೆ ಹಾಕಿ. "ಬೆಳ್ಳಗೆ ಕಾಣ್ತಿದೆ. ಹೋಗು ಹೋಗು."

"ಸ್ಟಿಯರಿಂಗ್ ಹಗುರ ಆಯ್ತು ಕಣೋ."

"ಕಣ್ಣಿರೋನು ಹೇಳ್ತಿದ್ದೀನಲ್ಲ!"

"ಹಾಗಾದ್ರೆ ಸರಿ," ಎಂದ ಅಪ್ಪ. ದನಿಯಲ್ಲಿ ಒಂದು ಥರದ ವಿನಯವಿತ್ತು, ನನಗೆ ಅನುಮಾನ ಬರುವಂಥ ವಿನಯ. ಮತ್ತೆ ಒತ್ತಿದ.

ಕಾರು ಹೆಚ್ಚು ದೂರ ಹೋಗಲಿಲ್ಲ. ಬಿಳಿಯ ಹೊದಿಕೆಯ ಕೆಳಗೆ ಚಳಿಗಾಲದ ಕೆಸರು ಇನ್ನೂ ಹಸಿಯಾಗಿಯೇ ಇತ್ತು. ಹಿಂದಿನ ಚಕ್ರಗಳು ಚಪ್ ಎಂದು ಇಳಿದವು. ಬೂದು ಕೆಸರು ರಪರಪನೆ ಕಿಟಕಿಗೆ ಬಡಿಯಿತು. ಎಂಜಿನ್ ನಿಂತಿತು.

"ಬೆಳ್ಳಗೆ ಕಾಣ್ತಿದೆಯಾ ಇನ್ನೂ?" ಎಂದು ಕೇಳಿದ ಅಪ್ಪ.

ಎಲ್ಲರೂ ಇಳಿದೆವು. ಬೂಟು ಮುಳುಗುವಷ್ಟು ಕೆಸರು. ಫೋನಿಗೆ ಸಿಗ್ನಲ್ಲಿಲ್ಲ, ಕಣ್ಣಿಗೆ ಬೀಳುವಷ್ಟು ದೂರ ಒಂದು ನರಪಿಳ್ಳೆಯಿಲ್ಲ. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ಕಾರನ್ನು ನೋಡಿ ನಿಟ್ಟುಸಿರು ಬಿಟ್ಟ. ಆದರೆ ಅಪ್ಪ ಆಗಲೇ ಹಿಂದಕ್ಕೆ ನಡೆದು, ಡಿಕ್ಕಿಯ ಮೇಲೆ ಕೈಯಿಟ್ಟು, ಬಗ್ಗಿ ಚಕ್ರ ಎಷ್ಟು ಹೂತಿದೆಯೆಂದು ಮುಟ್ಟಿ ನೋಡುತ್ತಿದ್ದ.

"ನನ್ನ ಲಾರಿ ಆಗಿದ್ರೆ ಇಲ್ಲೇ ಸಮಾಧಿ. ಇದು ಹಗುರ. ಕಾಲಡಿಯ ಮ್ಯಾಟೆಲ್ಲ ತೆಗೀರಿ. ಚಕ್ರದ ಮುಂದೆ ತುರುಕಿ. ಮಾಯಿತೆ, ನೀನು ಕೂತ್ಕೋ. ಜೋರಾಗಿ ಒತ್ಬೇಡ, ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಒತ್ತು. ನಾವು ಮೂರು ಜನ ನೂಕ್ತೀವಿ."

"ಅಪ್ಪ, ನೀನು ದೂರ ನಿಂತ್ಕೋ. ಜಾರುತ್ತೆ."

"ಜಾರ್ಲಿ," ಎಂದ. ಅವನ ಬಾಯಲ್ಲಿ ಅಂಥ ದನಿಯನ್ನು ನಾನು ಕೇಳಿ ಬಹಳ ಕಾಲವಾಗಿತ್ತು. "ಕೆಸರಿಗೆ ಬಿದ್ದು ಯಾರು ಸತ್ತಿದ್ದಾರೆ?"

ನಾನು ಕೂತೆ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತಿದೆ. ಹಿಂದಿನಿಂದ ಅಪ್ಪ ಎಣಿಸುವುದು ಕೇಳಿಸಿತು, ಅಜ್ಜಿ ಕಲಿಸಿದ ಬಾಸ್ಕ್ ಭಾಷೆಯಲ್ಲಿ, "ಬಾತ್, ಬೀ, ಹಿರೂ!" ಕಾರು ಹಿಂದೆ ಮುಂದೆ ತೂಗಿತು. ಇನ್ನೊಮ್ಮೆ. ಮತ್ತೊಮ್ಮೆ. ನಾಲ್ಕೋ ಐದೋ ಸಲವಾದ ಮೇಲೆ ಬಾಟಲಿಯ ಬಿರಡೆ ಕಿತ್ತ ಹಾಗೆ ಮೇಲಕ್ಕೆ ನೆಗೆದು ಗಟ್ಟಿ ನೆಲಕ್ಕೆ ಓಡಿತು. ನಾನು ನಿಲ್ಲಿಸಿ ತಿರುಗಿ ನೋಡಿದರೆ ಹಿಂದೆ ಇಬ್ಬರೇ ನಿಂತಿದ್ದರು. ಡೊಮಿಂಗೊ ಚಿಕ್ಕಪ್ಪ ಹೊಟ್ಟೆಯ ಮೇಲೆ ಉದ್ದಕ್ಕೆ ಬಿದ್ದಿದ್ದ. ಎದ್ದು ಕೂತಾಗ ಮುಖದಲ್ಲಿ ಕಣ್ಣುಗಳೆರಡು ಬಿಟ್ಟು ಬೇರೆ ಏನೂ ಕಾಣಲಿಲ್ಲ.

"ಏನಾಯ್ತು? ಗಾಡಿ ಬಂತಾ? ಡೊಮಿಂಗೊ ಎಲ್ಲಿ?" ಅಪ್ಪ ಗಾಬರಿಯಿಂದ ಕೇಳುತ್ತಿದ್ದ. ಚಿಕ್ಕಮ್ಮನಿಗೆ ಹೇಳೋಣವೆಂದರೆ ನಗುವಿನಿಂದ ಉಸಿರೇ ಸಿಗುತ್ತಿಲ್ಲ. "ಯಾರಾದ್ರೂ ಹೇಳ್ರೇ!"

"ಇಲ್ಲಿದ್ದೀನಣ್ಣ," ಎಂದ ಚಿಕ್ಕಪ್ಪ, ಬಾಯಿಂದ ಮಣ್ಣು ಉಗಿಯುತ್ತಾ.

ಅಪ್ಪ ದನಿ ಬಂದ ಕಡೆಗೆ ಬಗ್ಗಿ ಕೈ ಚಾಚಿದ. ತಮ್ಮನ ತಲೆ ಸಿಕ್ಕಿತು. ಅಲ್ಲಿಂದ ಹಣೆ, ಮೂಗು, ಮೀಸೆ, ಗಲ್ಲ. ಎಲ್ಲೆಲ್ಲೂ ಬೆರಳು ಆಳದ ಕೆಸರು. ಅವನಿಗೆ ಚಿತ್ರ ಪೂರ್ತಿ ಕಾಣಿಸಿತು. ಮೊದಲು ಮೂಗಿನಲ್ಲಿ ಒಂದು ಸದ್ದು ಬಂತು, ಆಮೇಲೆ ಹೊಟ್ಟೆಯಿಂದ. ಕೊನೆಗೆ ನಿಲ್ಲಲಾಗದೆ ತಮ್ಮನ ಪಕ್ಕದಲ್ಲಿ ಕೆಸರಿನಲ್ಲೇ ಕುಕ್ಕರಿಸಿ, ಅವನ ಭುಜಕ್ಕೆ ಹಣೆಯಿಟ್ಟು ನಕ್ಕ. ಚಿಕ್ಕಪ್ಪ ಮೊದಲು ಮುಖ ಸಿಂಡರಿಸಿದ್ದ. ಆಮೇಲೆ ಅವನೂ ನಕ್ಕ. ನಾನು ಕಾರಿನ ಬಾಗಿಲು ಹಿಡಿದು ನಿಂತು ಅವರನ್ನು ನೋಡುತ್ತಿದ್ದೆ.

ಊಟವನ್ನು ಕಾರಿನ ನೆರಳಲ್ಲಿ ಮಾಡಿದೆವು. ಗ್ಲಾಸು ತಂದಿರಲಿಲ್ಲ, ವೈನಿನ ಬಾಟಲಿ ಕೈಯಿಂದ ಕೈಗೆ ಹೋಯಿತು. ಅಪ್ಪ ಎರಡು ಚೊರೀಸೊ ತಿಂದು ಮೂರನೆಯದಕ್ಕೆ ಕೈಚಾಚಿದ. ವೇಲಿಯಂಟು ಕಿಟಕಿಯವರೆಗೆ ಕೆಸರಾಗಿ, ಒಂದು ಚಕ್ರದ ತಟ್ಟೆ ಕಳೆದುಕೊಂಡು ನಿಂತಿತ್ತು. ಚಿಕ್ಕಪ್ಪ ಒಣಗಿದ ಕೆಸರನ್ನು ಮುಖದಿಂದ ಸಿಪ್ಪೆಯಂತೆ ಕೀಳುತ್ತಾ ಅದನ್ನೇ ನೋಡುತ್ತಿದ್ದ.

"ಅದೇ ನನ್ನ ಕಮಾರೊ ಆಗಿದ್ದಿದ್ರೆ ನಾನು ಅತ್ತುಬಿಡ್ತಿದ್ದೆ," ಎಂದ.

"ಅದು ಇಲ್ಲಿಗೆ ಬರ್ತಾನೇ ಇರ್ಲಿಲ್ಲ," ಎಂದಳು ಚಿಕ್ಕಮ್ಮ. ಆದರೆ ಅವಳ ಮಾತಿನಲ್ಲಿ ಮೊನಚು ಇರಲಿಲ್ಲ. ಕರವಸ್ತ್ರ ನೀರಿನಲ್ಲಿ ಅದ್ದಿ ಅವನ ಕಿವಿಯ ಹಿಂದೆ ಒರೆಸಿದಳು. "ಒಂದು ಬಕೆಟ್ ನೀರು ಹಾಕಿದ್ರೆ ಎಲ್ಲ ಹೋಗುತ್ತೆ. ನಿನ್ನ ಮುಖಕ್ಕೆ ಎರಡು ಬೇಕು."

ಮರಳಿ ಹೋಗುವಾಗ ಬಯಲಿನ ಅಂಚಿನವರೆಗೆ ಅಪ್ಪನೇ ಓಡಿಸಿದ. ಮಣ್ಣುದಾರಿ ಬಂದಾಗ ತಾನಾಗಿಯೇ ನಿಲ್ಲಿಸಿ, ಇಳಿದು, ಬಾನೆಟ್ ಸವರುತ್ತಾ ಸುತ್ತಿ ಬಂದು, ಚಿಕ್ಕಮ್ಮನಿಗೆ ಕೀಲಿ ಕೊಟ್ಟ. ನಾನು ತೋಳು ಹಿಡಿಯಲು ಹೋದೆ. "ಬೇಡಮ್ಮ, ಗೊತ್ತಾಗುತ್ತೆ," ಎಂದು ತಾನೇ ಹಿಂದಿನ ಬಾಗಿಲು ತೆರೆದು ನನ್ನ ಪಕ್ಕದಲ್ಲಿ ಕೂತ.

ಮರುದಿನ ಭಾನುವಾರ. ಹತ್ತು ಗಂಟೆಗೆಲ್ಲ ಅವನು ಗಡ್ಡ ಕೆರೆದು, ಇಸ್ತ್ರಿಯ ಅಂಗಿ ಹಾಕಿ, ಕುರ್ಚಿಯ ಅಂಚಿನಲ್ಲಿ ಕೂತಿದ್ದ. "ಹೋಟೆಲಿಗೆ ಹೋಗೋಣ್ವಾ?" ಎಂದ. ನಾನು ಅವನ ಕೋಟು ತಂದೆ.

ಉದ್ದ ಮೇಜಿನಲ್ಲಿ ಅವನು ಕೂತ ಕೂಡಲೇ ಸುತ್ತಲಿನ ಮಾತು ಸ್ವಲ್ಪ ತಗ್ಗಿತು. ಏನು ಮಾತಾಡಿಸಬೇಕೆಂದು ಜನಕ್ಕೆ ತಿಳಿಯಲಿಲ್ಲ. ಬೆಳ್ಳುಳ್ಳಿ ಸೂಪಿನ ದೊಡ್ಡ ಪಾತ್ರೆ ಸುತ್ತಿ ಬಂತು. ಅಪ್ಪ ಸೌಟು ಹುಡುಕಿ ತಾನೇ ಬಡಿಸಿಕೊಂಡ, ಒಂದಿಷ್ಟು ಮೇಜಿನ ಮೇಲೂ ಬಿತ್ತು. ಅವನು ಅದನ್ನು ಲೆಕ್ಕಿಸಲಿಲ್ಲ.

"ನಿನ್ನೆ ಪ್ಲಾಯಾದಲ್ಲಿ ಗಾಡಿ ಓಡಿಸ್ದೆ," ಎಂದ, ಯಾರಿಗೆಂದು ಇಲ್ಲದೆ.

ಎಲ್ಲರೂ ಅವನ ಕಡೆ ತಿರುಗಿದರು. ಅಪ್ಪ ಶುರುಮಾಡಿದ. ಅವನು ಒಳ್ಳೆಯ ಕತೆಗಾರ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ನೆಲ ಮೆತ್ತಗಾದದ್ದು, ಡೊಮಿಂಗೊ ಕಿಟಕಿಯಿಂದ ತಲೆ ಹಾಕಿ ಅಪ್ಪಣೆ ಕೊಟ್ಟದ್ದು, ಕಾರು ಸೊಂಟದವರೆಗೆ ಹೂತದ್ದು, ಎಲ್ಲವೂ ಬಂತು. ಸ್ಪೀಡು ಎಪ್ಪತ್ತೈದು ಮೈಲಿಗೆ ಏರಿತು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ತಟ್ಟೆಯಲ್ಲಿನ ಅವರೆಕಾಳನ್ನು ಬಹಳ ಶ್ರದ್ಧೆಯಿಂದ ತಿನ್ನುತ್ತಿದ್ದಳು. ಡೊಮಿಂಗೊ ಚಿಕ್ಕಪ್ಪ ಬಾಯಿ ತೆರೆದ, ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದದ್ದಕ್ಕೆ ಮುಚ್ಚಿದ. ತಮ್ಮನ ಮುಖವನ್ನು ಮುಟ್ಟಿ ನೋಡಿದ ಭಾಗ ಬಂದಾಗ ಹೋಟೆಲಿನ ಅಡುಗೆಯವಳೂ ಬಾಗಿಲಿಗೆ ಬಂದು ನಿಂತು ಕಣ್ಣೊರೆಸಿಕೊಂಡು ನಗುತ್ತಿದ್ದಳು.

ನಗು ಅಡಗಿದ ಮೇಲೆ ಮೇಜಿನ ತುದಿಯಿಂದ ಸೆಫೆರಿನೊ ಮುದುಕ ಕೆಮ್ಮಿದ. ಬೆಟ್ಟದ ಮೇಲೆ ಕುರಿ ಕಾದು ಜೀವ ಸವೆಸಿದವನು. ಈಗ ಎರಡು ಕಣ್ಣಿಗೂ ಪೊರೆ, ಮಂಡಿಯೂ ಮಾತು ಕೇಳುವುದಿಲ್ಲ. ಅವನು ಮಾತಾಡುವುದೇ ಅಪರೂಪ.

"ವರ್ಲಾ," ಎಂದ. "ನನಗೆ ಕುದುರೆ ಮಾತ್ರ ಗೊತ್ತು. ಗಾಡಿ ಯಾವತ್ತೂ ಓಡಿಸಿಲ್ಲ. ಕಲಿಯೋಕೆ ತಡ ಆಯ್ತಾ?"

ಚಿಕ್ಕಮ್ಮ ಕರವಸ್ತ್ರದಿಂದ ಬಾಯಿ ಒರೆಸಿಕೊಂಡಳು.

"ಶನಿವಾರ ಬೆಳಿಗ್ಗೆ ರೆಡಿಯಾಗಿರಿ ಅಜ್ಜ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಗ್ರೇಷನ್ ಭಾವ ಪಕ್ಕದಲ್ಲಿ ಕೂತು ಕಲಿಸ್ಕೊಡ್ತಾರೆ."

"ಕುರುಡ ಕುರುಡನಿಗೆ ಕಲಿಸೋದಾ?" ಎಂದು ಯಾರೋ ಕೂಗಿದರು.

"ಡೊಮಿಂಗೊ ಕಲಿಸೋದಕ್ಕಿಂತ ವಾಸಿ," ಎಂದ ಅಪ್ಪ. ಇಸ್ಪೀಟು ಕಲೆಸುವ ಸದ್ದು ಬಂದ ಕಡೆಗೆ ಕುರ್ಚಿ ತಿರುಗಿಸಿ, ತನ್ನ ಎಲೆಗಳನ್ನು ಕಿವಿಯಲ್ಲಿ ಓದಿ ಹೇಳಲು ನನ್ನನ್ನು ಹತ್ತಿರ ಕರೆದ.